ತಾನೊಂದು ಬಗೆದರೆ...

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ಹಿರಿಯರಿರುವ ಮನೆಗಳಲ್ಲಿ ಆಗಾಗ ಕೇಳಿಬರುವ ಮಾತೊಂದಿದೆ: 'ತಾನೊಂದು ಬಗೆದರೆ ದೈವವೊಂದು ಬಗೆಯಿತು.' ಗೊತ್ತಾದ ಮದುವೆ ಮುರಿದರೆ ಈ ಮಾತು ಬರುತ್ತದೆ. ರಾಶಿಯ ಹೊತ್ತಿಗೆ ಮಳೆ ಸುರಿದರೆ ಬರುತ್ತದೆ. ಮಗನಿಗೆ ಬೇಕಾದ ಕಾಲೇಜಿನಲ್ಲಿ ಸೀಟು ಸಿಗದಿದ್ದರಂತೂ ಅಜ್ಜ ಕಟ್ಟೆಯ ಮೇಲೆ ಕುಳಿತು ಇದನ್ನೇ ಹೇಳುತ್ತಾನೆ. ಕೇಳಿದವರು ತಲೆಯಾಡಿಸುತ್ತಾರೆ. ಅಲ್ಲಿಗೆ ಆ ವಿಷಯ ಮುಗಿಯುತ್ತದೆ.

ಗಮನಿಸಬೇಕಾದ ಸಂಗತಿ ಒಂದಿದೆ. ಈ ಮಾತು ಯಾವಾಗಲೂ ಕೆಲಸ ಕೆಟ್ಟ ಮೇಲೆಯೇ ಬರುತ್ತದೆ. ಕೆಲಸ ಶುರುವಾಗುವ ಮೊದಲು 'ದೈವ ಏನು ಬಗೆದಿದೆ, ಒಂದಿಷ್ಟು ವಿಚಾರ ಮಾಡೋಣ' ಎನ್ನುವವರು ಅಪರೂಪ. ಗೆದ್ದಾಗ ಅದು ತನ್ನ ಯೋಜನೆ, ಸೋತಾಗ ದೇವರ ಇಚ್ಛೆ. ಹೀಗಾದರೆ ದೇವರ ಇಚ್ಛೆ ಎಂಬುದು ಸೋಲನ್ನು ಮುಚ್ಚುವ ಹೊದಿಕೆಯಾಗುತ್ತದೆಯೇ ಹೊರತು ನಡೆಗೆ ದಾರಿ ತೋರುವ ದೀಪವಾಗುವುದಿಲ್ಲ.

ಹಾಗಾದರೆ ಮೊದಲೇ ಕೇಳುವುದು ಹೇಗೆ? ಕೇಳಿದರೂ ಬಂದ ಉತ್ತರ ದೇವರದೋ ತನ್ನದೋ ಎಂದು ತಿಳಿಯುವುದು ಹೇಗೆ? ಪರೀಕ್ಷೆ ಬರೆದು ಕುಳಿತ ಮಕ್ಕಳೂ ಅವರಿಗಿಂತ ಹೆಚ್ಚು ಚಿಂತೆಯಲ್ಲಿರುವ ತಂದೆ ತಾಯಿಗಳೂ ಒಮ್ಮೆ ಕುಳಿತು ಯೋಚಿಸಬೇಕಾದ ಪ್ರಶ್ನೆ ಇದು.

ಅರ್ಜಿ ಸಿದ್ಧ, ಸಹಿ ಮಾತ್ರ ಬಾಕಿ

ಮನೆಯೊಂದರ ಮಾತುಕತೆ ಹೀಗಿರುತ್ತದೆ. ಹುಡುಗ ಅಂಜುತ್ತಲೇ ಹೇಳುತ್ತಾನೆ, "ಅಪ್ಪಾ, ನನಗ ಲೆಕ್ಕ ಭಾಳ ಸೇರ್ತೈತಿ. ಬಯಾಲಜಿ ತಲಿಗೆ ಹತ್ತಂಗಿಲ್ಲ." ಅಪ್ಪ ಪೇಪರಿನಿಂದ ತಲೆ ಎತ್ತುವುದಿಲ್ಲ. "ನಿನಗೇನ್ ತಿಳೀತೈತಿ? ನೀ ಡಾಕ್ಟರ್ ಆಗಬೇಕಂತ ದೇವರ ಮನಸ್ನ್ಯಾಗ ಐತಿ. ಯಲ್ಲಮ್ಮಗ ಹರಕಿ ಹೊತ್ತೇವಿ."

ದೇವರ ಮನಸ್ಸಿನಲ್ಲಿ ಇರುವುದು ಅಪ್ಪನಿಗೆ ಹೇಗೆ ತಿಳಿಯಿತೆಂದು ಹುಡುಗ ಕೇಳುವಂತಿಲ್ಲ. ಆದರೆ ಕೇಳಬೇಕಾದ ಪ್ರಶ್ನೆ ಅದೇ. ಹರಕೆ ಹೊರುವುದು ತಪ್ಪಲ್ಲ. ಕಷ್ಟದಲ್ಲಿ ದೇವರ ಮುಂದೆ ನಿಲ್ಲುವುದು ಮನುಷ್ಯನ ಸಹಜ ಗುಣ. ಆದರೆ ಎಷ್ಟೋ ಹರಕೆಗಳಲ್ಲಿ ಯೋಜನೆ ಪೂರ್ತಿ ಮನುಷ್ಯನದೇ ಆಗಿರುತ್ತದೆ. ಕೋರ್ಸು ಯಾವುದು, ಕಾಲೇಜು ಯಾವುದು, ಮುಂದೆ ಎಲ್ಲಿ ದವಾಖಾನೆ ತೆರೆಯಬೇಕು ಎಲ್ಲವೂ ಗೊತ್ತಾಗಿರುತ್ತದೆ. ಅರ್ಜಿ ತುಂಬಿ ಆಗಿದೆ, ಕೆಳಗೆ ದೇವರ ಸಹಿಯೊಂದು ಬೇಕು. ಸಹಿ ಬಿದ್ದರೆ ಸೀರೆ, ಉಡಿ, ಕಾಯಿ. ಇಲ್ಲಿ ದೇವರನ್ನು ಕೇಳಿದಂತಾಗಲಿಲ್ಲ, ಕೆಲಸಕ್ಕೆ ಹಚ್ಚಿದಂತಾಯಿತು.

ಹೂವಿನ ಪ್ರಸಾದ ಕೇಳುವುದನ್ನೂ ನೋಡಬಹುದು. ಮೂರ್ತಿಗೆ ಏರಿಸಿದ ಹೂವು ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಬೇಡ. ಹಸಿ ಹೂವು ಒದ್ದೆ ಕಲ್ಲಿಗೆ ಅಂಟಿಕೊಳ್ಳುತ್ತದೆ, ನೀರು ಆರುತ್ತ ಬಂದಂತೆ ಜಾರುತ್ತದೆ, ಭಾರ ಹೆಚ್ಚಿದ್ದ ಕಡೆಗೆ ಬೀಳುತ್ತದೆ. ವಿಜ್ಞಾನ ಓದುವ ಮಕ್ಕಳಿಗೆ ಇದರಲ್ಲಿ ಗುಟ್ಟೇನೂ ಇಲ್ಲ. ಗುಟ್ಟು ಇರುವುದು ಕೇಳುವವರ ಮನಸ್ಸಿನಲ್ಲಿ. ಎಡಕ್ಕೆ ಬಿದ್ದರೆ 'ಇನ್ನೊಮ್ಮೆ ಕೇಳೋಣ' ಎನ್ನುತ್ತಾರೆ. ಎರಡನೆಯ ಸಲವೂ ಎಡಕ್ಕೆ ಬಿದ್ದರೆ 'ಮನಸ್ಸಿನಲ್ಲಿ ಏನೋ ತಪ್ಪಿತು' ಎಂದು ಮೂರನೆಯ ಹೂವು ಏರಿಸುತ್ತಾರೆ. ಬಲಕ್ಕೆ ಬಿದ್ದ ಕೂಡಲೇ ಕೇಳುವುದು ನಿಲ್ಲುತ್ತದೆ.

ಪ್ರಯೋಗಶಾಲೆಯಲ್ಲೂ ಇಂಥದೇ ಒಂದು ಚಾಳಿ ಇದೆ. ಸರಳ ಲೋಲಕದಿಂದ ಗುರುತ್ವದ ಬೆಲೆ ಕಂಡುಹಿಡಿಯುವ ಪ್ರಯೋಗದಲ್ಲಿ ಉತ್ತರ 9.8ರ ಹತ್ತಿರ ಬರಬೇಕೆಂದು ವಿದ್ಯಾರ್ಥಿಗೆ ಮೊದಲೇ ಗೊತ್ತು. ಆದ್ದರಿಂದ ಕೆಲವರು ಲೋಲಕವನ್ನು ಸರಿಯಾಗಿ ತೂಗಿಬಿಡುವುದೇ ಇಲ್ಲ. ಉತ್ತರದಿಂದ ಹಿಂದಕ್ಕೆ ಲೆಕ್ಕ ಮಾಡಿ ಸಮಯ ಬರೆದು ರೆಕಾರ್ಡ್ ಪುಸ್ತಕ ತುಂಬುತ್ತಾರೆ. ಪುಸ್ತಕ ಅಂದವಾಗಿ ಕಾಣುತ್ತದೆ, ಆದರೆ ಅಲ್ಲಿ ಪ್ರಯೋಗ ನಡೆದಿರುವುದಿಲ್ಲ. ಪ್ರಯೋಗ ಎಂದರೆ ಪ್ರಕೃತಿಗೆ ಪ್ರಶ್ನೆ ಕೇಳಿ, ಬಂದದ್ದನ್ನು ಬಂದಂತೆ ಬರೆದುಕೊಳ್ಳುವುದು. ಪ್ರಾರ್ಥನೆಗೂ ಇದೇ ಮಾತು. ಬೇರೆ ಉತ್ತರ ಬಂದರೂ ಒಪ್ಪುವ ಮನಸ್ಸಿಲ್ಲದೆ ಕೇಳಿದ ಪ್ರಶ್ನೆ ಪ್ರಶ್ನೆಯೇ ಅಲ್ಲ.

ಹದ ನೋಡುವವನು

ದೇವರ ಇಚ್ಛೆ ಕೇಳುವುದು ಎಂದರೇನು ಎಂಬುದನ್ನು ಈ ಸೀಮೆಯ ರೈತನಿಂದ ಕಲಿಯುವುದು ಸುಲಭ. ಇದು ಕರಿನೆಲದ ನಾಡು. ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ, ಕಡಲೆ, ಗೋದಿ. ಯಾವ ಮಳೆಗೆ ಯಾವ ಬಿತ್ತಿಗೆ ಎಂಬುದು ರೈತನಿಗೆ ಬಾಯಿಪಾಠ. ಆದರೂ ಪಂಚಾಂಗ ನೋಡಿದ ಮಾತ್ರಕ್ಕೆ ಅವನು ಕೂರಿಗೆ ಹೂಡುವುದಿಲ್ಲ. ಹೊಲಕ್ಕೆ ಹೋಗಿ ಕುಕ್ಕರುಗಾಲಲ್ಲಿ ಕುಳಿತು, ಮಣ್ಣಲ್ಲಿ ಬೆರಳಿಟ್ಟು, ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ ನೋಡುತ್ತಾನೆ. ಅದಕ್ಕೆ 'ಹದ ನೋಡುವುದು' ಎನ್ನುತ್ತಾರೆ.

ಕರಿಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ. ನೀರು ಹೆಚ್ಚಿದ್ದಾಗ ಬಿತ್ತಲು ಹೋದರೆ ಮಣ್ಣು ಕೂರಿಗೆಗೆ ಮೆತ್ತಿಕೊಳ್ಳುತ್ತದೆ, ಎತ್ತು ಎಳೆಯಲಾರವು. ತೇವ ಆರಿದ ಮೇಲೆ ಬಿತ್ತಿದರೆ ಬೀಜ ಮೊಳೆಯುವುದಿಲ್ಲ. ನಡುವೆ ಹದ ಇರುವುದು ಕೆಲವೇ ದಿನ. ಆ ದಿನಗಳನ್ನು ತರುವುದು ರೈತನ ಕೈಯಲ್ಲಿಲ್ಲ. ಬಂದಾಗ ಗುರುತಿಸುವುದು, ಗುರುತಿಸಿದ ಮೇಲೆ ತಡಮಾಡದೆ ಬಿತ್ತುವುದು ಅವನ ಕೈಯಲ್ಲಿದೆ.

ಇದರಲ್ಲಿ ಮೂರು ಪಾಠಗಳಿವೆ. ರೈತ ತಯಾರಿ ಬಿಡುವುದಿಲ್ಲ. ಬೇಸಿಗೆಯಲ್ಲೇ ಹೊಲ ಹರಗಿ, ಬೀಜ ಹಸನು ಮಾಡಿ, ಗೊಬ್ಬರ ಹಾಕಿರುತ್ತಾನೆ. ಎರಡನೆಯದು, ತನ್ನ ಅನುಕೂಲದ ದಿನವನ್ನು ಅವನು ನೆಲದ ಮೇಲೆ ಹೇರುವುದಿಲ್ಲ. ಮೂರನೆಯದು, ಹದ ಬಂದ ದಿನ ಅವನು ಮನೆಯಲ್ಲಿ ಕುಳಿತು 'ದೇವರ ಇಚ್ಛೆ ಇದ್ದರೆ ಬೆಳೆದೀತು' ಎನ್ನುವುದಿಲ್ಲ. ದೇವರ ಇಚ್ಛೆಗೆ ತಲೆಬಾಗುವುದು ಎಂದರೆ ಕೈಕಟ್ಟಿ ಕೂಡುವುದಲ್ಲ. ಮೊದಲು ಹದ ನೋಡು, ಆಮೇಲೆ ಮೈ ಬಗ್ಗಿಸು. ಇಷ್ಟೇ ಅದರ ಸಾರ.

ದೇವಿ ಕರೆದಳೆಂದ ಜಟೆ

ಹದ ನೋಡದೆ ದೇವರ ಹೆಸರು ಹೇಳಿದರೆ ಏನಾಗುತ್ತದೆ ಎಂಬುದಕ್ಕೆ ಸವದತ್ತಿಯ ಗುಡ್ಡಕ್ಕೆ ಸಂಬಂಧಿಸಿದ ಕಥೆಯೊಂದಿದೆ. ನೋವಿನ ಕಥೆಯಾದರೂ ಬೆಳೆಯುವ ಮಕ್ಕಳು ಅದನ್ನು ತಿಳಿದಿರಬೇಕು.

ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಕರ್ನಾಟಕ, ಮಹಾರಾಷ್ಟ್ರಗಳಿಂದ ಲಕ್ಷಾಂತರ ಜನ ಬರುತ್ತಾರೆ. ಚಕ್ಕಡಿ ಕಟ್ಟಿಕೊಂಡು, 'ಉಧೋ ಉಧೋ' ಎನ್ನುತ್ತ, ಭಂಡಾರ ಹಾರಿಸುತ್ತ ಬರುವ ಆ ಭಕ್ತಿ ಸುಳ್ಳಲ್ಲ. ಆದರೆ ಅದೇ ದೇವಿಯ ಹೆಸರಿನಲ್ಲಿ ಬಡವರ ಮನೆಯ, ಅದರಲ್ಲೂ ದಲಿತರ ಮನೆಯ ಎಳೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡುವ ರೂಢಿ ಬಹುಕಾಲ ನಡೆಯಿತು. ಹುಡುಗಿಯ ತಲೆಯಲ್ಲಿ ಜಟೆ ಕಂಡರೆ ಅದು ದೇವಿಯ ಕರೆ, ಇಲ್ಲ ಎನ್ನುವಂತಿಲ್ಲ ಎಂದು ಹಿರಿಯರು ತೀರ್ಮಾನಿಸುತ್ತಿದ್ದರು.

ಜಟೆ ಎಂದರೇನು? ಎಣ್ಣೆ ನೀರು ಕಾಣದೆ, ಬಾಚಣಿಗೆ ತಾಗದೆ, ಧೂಳು, ಬೆವರು, ಹೇನು ಸೇರಿ ಕೂದಲು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುವುದು. ತಾಯಿ ಬೆಳಗಿನಿಂದ ಸಂಜೆಯವರೆಗೆ ಕೂಲಿಗೆ ಹೋದ ಮನೆಯಲ್ಲಿ ಮಗುವಿನ ತಲೆ ಬಾಚುವವರು ಯಾರು? ಒಮ್ಮೆ ಜಟೆ ಕಟ್ಟಿದರೆ ದೇವಿಯ ಭಯದಿಂದ ಅದನ್ನು ಬಿಡಿಸುವವರೂ ಇಲ್ಲ, ಆದ್ದರಿಂದ ಅದು ಇನ್ನಷ್ಟು ಬೆಳೆಯುತ್ತದೆ. ಕತ್ತರಿ ಹಾಕಿ, ತೊಳೆದು, ಎಣ್ಣೆ ಹಚ್ಚಿ ದಿನಾ ಬಾಚಿದರೆ ಹೊಸ ಕೂದಲು ನೆಟ್ಟಗೆ ಬರುತ್ತದೆ. ಹಳ್ಳಿಗಳಿಗೆ ಹೋಗಿ ಕತ್ತರಿ ಹಿಡಿದು ಜಟೆ ತೆಗೆದ ಕಾರ್ಯಕರ್ತರು ಇದನ್ನು ಜನರ ಕಣ್ಣೆದುರೇ ತೋರಿಸಿಕೊಟ್ಟರು. ದೇವಿ ಯಾರ ಮೇಲೂ ಮುನಿಯಲಿಲ್ಲ.

ಎಷ್ಟೋ ಕಡೆ ಜಟೆಯ ಹಿಂದೆ ಇನ್ನೊಂದು ಲೆಕ್ಕ ಅಡಗಿರುತ್ತಿತ್ತು. ಗಂಡುಮಗನಿಲ್ಲದ ಮನೆಯಲ್ಲಿ ಮುತ್ತು ಕಟ್ಟಿಸಿಕೊಂಡ ಮಗಳು ಗಂಡನ ಮನೆಗೆ ಹೋಗದೆ ತವರಲ್ಲೇ ಉಳಿದು ಮುಪ್ಪಿನಲ್ಲಿ ತಂದೆ ತಾಯಿಯನ್ನು ಸಾಕುತ್ತಾಳೆ ಎಂಬ ಲೆಕ್ಕ ಅದು. ಮಗುವಿನ ಮೇಲೆ ಕಣ್ಣಿಟ್ಟ ಉಳ್ಳವರ ಲೆಕ್ಕ ಬೇರೆಯೇ ಇತ್ತು. ಯೋಜನೆ ಮನುಷ್ಯರದು, ಹೆಸರು ದೇವಿಯದು, ಬೆಲೆ ತೆತ್ತವಳು ಬಾಯಿಲ್ಲದ ಒಬ್ಬ ಹುಡುಗಿ. ಮುಂಬಯಿ ಪ್ರಾಂತ್ಯದಲ್ಲಿ 1934ರಲ್ಲಿ, ಕರ್ನಾಟಕದಲ್ಲಿ 1982ರಲ್ಲಿ ಇದರ ವಿರುದ್ಧ ಕಾಯ್ದೆಗಳಾದವು. ಕಾಯ್ದೆಗಿಂತಲೂ ಹೆಚ್ಚು ಕೆಲಸ ಮಾಡಿದ್ದು ಶಾಲೆ, ಮತ್ತು ತಮ್ಮ ಮಕ್ಕಳಿಗೆ ಈ ಪಾಡು ಬೇಡವೆಂದು ಗಟ್ಟಿಯಾಗಿ ನಿಂತ ಮಾಜಿ ದೇವದಾಸಿ ತಾಯಂದಿರು.

ಈ ಕಥೆಯಿಂದ ಒಂದು ಒರೆಗಲ್ಲು ಸಿಗುತ್ತದೆ. 'ಇದು ದೇವರ ಇಚ್ಛೆ' ಎಂದು ಯಾರಾದರೂ ಹೇಳಿದಾಗ ಇದರ ಬೆಲೆ ಯಾರು ತೆರುತ್ತಾರೆ ಎಂದು ಕೇಳಬೇಕು. ಹೇಳುವವನೇ ತೆರುವುದಾದರೆ ಆ ಮಾತನ್ನು ಗೌರವದಿಂದ ಕೇಳಬಹುದು. ಲಾಭ ಹೇಳುವವನಿಗೆ, ನಷ್ಟ ಇನ್ನೊಬ್ಬರಿಗೆ ಎಂದಾದರೆ ಅದು ದೇವರ ಇಚ್ಛೆಯಾಗಿರುವುದು ಕಠಿಣ.

ಗೆಲುವಿನ ಖಾತರಿ ಇಲ್ಲದೆ

ಇದಕ್ಕೆ ಎದುರಾಗಿ ಇನ್ನೊಂದು ತಪ್ಪು ತಿಳಿವಳಿಕೆಯೂ ಉಂಟು. ದೇವರ ಇಚ್ಛೆಯಂತೆ ನಡೆದವರಿಗೆ ಎಲ್ಲವೂ ಕೈಗೂಡುತ್ತದೆ, ಕೈಗೂಡಲಿಲ್ಲವಾದರೆ ದೇವರಿಗೆ ಅದು ಬೇಡವಾಗಿತ್ತು ಎಂದು ಜನ ಎಣಿಸುತ್ತಾರೆ. ಕಿತ್ತೂರಿನ ಇತಿಹಾಸ ಓದಿದವರು ಹೀಗೆ ಹೇಳಲಾರರು.

1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮೊದಲು ಶಿವಲಿಂಗಪ್ಪನೆಂಬ ಹುಡುಗನನ್ನು ದತ್ತಕ ತೆಗೆದುಕೊಂಡಿದ್ದ. ಸಂಸ್ಥಾನ ಉಳಿಯಲೆಂದು ಹೂಡಿದ ಯೋಜನೆ ಅದು. ಧಾರವಾಡದ ಕಲೆಕ್ಟರ್ ಥ್ಯಾಕರೆ ದತ್ತಕವನ್ನು ಒಪ್ಪಲಿಲ್ಲ. ಬೊಕ್ಕಸಕ್ಕೆ ಮುದ್ರೆ ಹಾಕಿಸಿ ಕೋಟೆಯನ್ನು ಹಿಡಿತಕ್ಕೆ ತೆಗೆದುಕೊಳ್ಳಲು ಹೊರಟ. ರಾಣಿ ಚೆನ್ನಮ್ಮನ ಮುಂದೆ ಎರಡೇ ದಾರಿ ಇದ್ದವು. ಒಪ್ಪಿ ಸುಮ್ಮನಾಗುವುದು, ಇಲ್ಲವೇ ನಿಲ್ಲುವುದು. ಆಕೆ ನಿಂತಳು. ಅಕ್ಟೋಬರ್ 23ರಂದು ನಡೆದ ಕಾಳಗದಲ್ಲಿ ಥ್ಯಾಕರೆ ಸತ್ತ. ಸೆರೆ ಸಿಕ್ಕ ಇಂಗ್ಲಿಷ್ ಅಧಿಕಾರಿಗಳನ್ನು ರಾಣಿ ಹಿಂಸಿಸದೆ ಗೌರವದಿಂದ ನಡೆಸಿಕೊಂಡು ಕಡೆಗೆ ಬಿಟ್ಟುಕೊಟ್ಟಳು. ಡಿಸೆಂಬರಿನಲ್ಲಿ ಕಂಪನಿಯ ದೊಡ್ಡ ಸೈನ್ಯ ಬಂತು, ಕೋಟೆ ಬಿತ್ತು. ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಲ್ಲಿಟ್ಟರು. 1829ರ ಫೆಬ್ರುವರಿಯಲ್ಲಿ ಆಕೆ ಅಲ್ಲಿಯೇ ಕೊನೆಯುಸಿರೆಳೆದಳು. ಸಂಗೊಳ್ಳಿ ರಾಯಣ್ಣ ಹೋರಾಟ ಮುಂದುವರಿಸಿದ. 1831ರಲ್ಲಿ ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು.

ಫಲವನ್ನಷ್ಟೇ ನೋಡಿದರೆ ಇದು ಸೋಲಿನ ಕಥೆ. ಗೆಲ್ಲುತ್ತೇವೆ ಎಂಬ ಖಾತರಿ ಇದ್ದು ಹೊರಟ ಹೋರಾಟವೂ ಅದಾಗಿರಲಿಲ್ಲ. ಆದರೂ ಬೈಲಹೊಂಗಲದಲ್ಲಿರುವ ಆಕೆಯ ಸಮಾಧಿಯ ಮುಂದೆ ನಿಂತ ಯಾವ ಶಾಲೆಯ ಮಗುವೂ 'ಈಕೆ ಸೋತವಳು' ಎಂದು ಹೇಳುವುದಿಲ್ಲ. ಸೆರೆಯಲ್ಲಿದ್ದ ವರ್ಷಗಳನ್ನು ಚೆನ್ನಮ್ಮ ಶಿವಪೂಜೆಯಲ್ಲಿ, ಪುರಾಣಶ್ರವಣದಲ್ಲಿ ಕಳೆದಳೆಂದು ಈ ಭಾಗದ ಜನ ಹೇಳಿಕೊಂಡು ಬಂದಿದ್ದಾರೆ. ಕತ್ತಿ ಹಿಡಿಯಬೇಕಾದ ದಿನ ಕತ್ತಿ ಹಿಡಿಯುವುದು, ಎಲ್ಲ ಕಳೆದುಕೊಂಡ ದಿನ ಮನಸ್ಸು ಕಳೆದುಕೊಳ್ಳದಿರುವುದು ಇವೆರಡೂ ಒಂದೇ ನಂಬಿಕೆಯ ಎರಡು ಮುಖಗಳು.

ಶರಣರ ಷಟ್‌ಸ್ಥಲದಲ್ಲಿ ಭಕ್ತ, ಮಹೇಶ ಆದ ಮೇಲೆ ಮೂರನೆಯ ಮೆಟ್ಟಿಲು ಪ್ರಸಾದಿಯದು. ದುಡಿಯುವುದು ತನ್ನ ಕಾಯಕ, ಬಂದದ್ದು ಶಿವನ ಪ್ರಸಾದ ಎಂಬ ಭಾವ ಅದು. ಪ್ರಸಾದ ಸಿಹಿಯಾಗಿದ್ದರೆ ಮಾತ್ರ ಕೈಯೊಡ್ಡುತ್ತೇನೆ ಎನ್ನುವವನು ಆ ಮೆಟ್ಟಿಲು ಹತ್ತಿಲ್ಲ. ಇದನ್ನು ಪರೀಕ್ಷೆಯ ಫಲಿತಾಂಶಕ್ಕೆ ಹಚ್ಚಿ ನೋಡಬಹುದು. ಓದದೆ ಕುಳಿತವನು ಬಂದ ಅಂಕವನ್ನು 'ಪ್ರಸಾದ' ಎಂದರೆ ಅದು ಸೋಮಾರಿಯ ನೆಪ. ಮನಸಾರೆ ಓದಿದವನು ಅದೇ ಮಾತು ಹೇಳಿದರೆ ಅದು ಬಲ.

ಸಿರಸಂಗಿಯ ವಾಡೆ

ಕಿತ್ತೂರಿನಂತೆಯೇ ವಾರಸುದಾರನ ಪ್ರಶ್ನೆ ಸುಮಾರು 80 ವರ್ಷಗಳ ನಂತರ ಸವದತ್ತಿ ತಾಲ್ಲೂಕಿನ ಸಿರಸಂಗಿಯ ದೇಸಗತಿಯಲ್ಲೂ ಎದ್ದಿತು. ಕಾಳಮ್ಮನ ಗುಡಿಯಿಂದ ಹೆಸರಾದ ಊರು ಇದು. ಇಂದಿನ ಗದಗ ಜಿಲ್ಲೆಯ ಶಿಗ್ಲಿಯಲ್ಲಿ 1861ರಲ್ಲಿ ಹುಟ್ಟಿದ ಹುಡುಗನೊಬ್ಬ 1872ರಲ್ಲಿ ಈ ವಾಡೆಗೆ ದತ್ತಕವಾಗಿ ಬಂದ. ಅವರೇ ಮುಂದೆ ನಾಡು 'ತ್ಯಾಗವೀರ' ಎಂದು ಕರೆದ ಸಿರಸಂಗಿ ಲಿಂಗರಾಜರು.

ಮನೆತನ ನಿಲ್ಲಲಿ ಎಂಬ ಒಂದೇ ಉದ್ದೇಶಕ್ಕೆ ಅವರನ್ನು ತಂದಿದ್ದರು. ಹಿರಿಯರ ಯೋಜನೆ ಸ್ಪಷ್ಟವಾಗಿತ್ತು. ಹುಡುಗ ಬೆಳೆಯಬೇಕು, ದೇಸಗತಿ ಆಳಬೇಕು, ಅವನ ಮಗ ಅದನ್ನು ಮುಂದುವರಿಸಬೇಕು. ಮೊದಲೆರಡು ನಡೆದವು, ಮೂರನೆಯದು ನಡೆಯಲಿಲ್ಲ. ವಾಡೆಯನ್ನು ಮುಂದೆ ನಡೆಸಲು ಮಗನಿರಲಿಲ್ಲ. ಇಂಥ ಹೊತ್ತಿನಲ್ಲಿ ದೇಸಾಯರು ಮಾಡುತ್ತಿದ್ದುದು ಒಂದೇ ಕೆಲಸ, ಮತ್ತೊಂದು ದತ್ತಕ. ತಾವೇ ದತ್ತಕವಾಗಿ ಬಂದ ಲಿಂಗರಾಜರಿಗೆ ಆ ದಾರಿ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಅವರು ಬೇರೆ ದಾರಿ ಹಿಡಿದರು.

1904ರಲ್ಲಿ ಧಾರವಾಡದಲ್ಲಿ ನಡೆದ ಅಖಿಲ ಭಾರತ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅವರು ಅಧ್ಯಕ್ಷರಾಗಿದ್ದರು. ಆ ಕಾಲದಲ್ಲಿ ಹಳ್ಳಿಗಳ ಒಕ್ಕಲು ಮಕ್ಕಳಿಗೆ ಕಾಲೇಜು ಕನಸಿನ ಮಾತು. ಪದವಿ ಬೇಕಾದರೆ ಪುಣೆಗೋ ಮುಂಬಯಿಗೋ ಹೋಗಬೇಕು. ಅಲ್ಲಿ ಇರಲು ಜಾಗವಿಲ್ಲ, ಉಣ್ಣಲು ದುಡ್ಡಿಲ್ಲ. ಲಿಂಗರಾಜರು ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆಂದು ಮೃತ್ಯುಪತ್ರ ಬರೆದಿಟ್ಟರು. 1906ರಲ್ಲಿ, ಕೇವಲ 45ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಆಸ್ತಿಯಿಂದ ನಡೆದ ನವಲಗುಂದ-ಸಿರಸಂಗಿ ಟ್ರಸ್ಟಿನ ನೆರವು ಪಡೆದು ಓದಿದ ಮಕ್ಕಳು ಮುಂದೆ ನಾಡಿನ ಅನೇಕ ಹುದ್ದೆಗಳಲ್ಲಿ ಕುಳಿತರು. 1916ರಲ್ಲಿ ಏಳು ಮಂದಿ ಶಿಕ್ಷಣಪ್ರೇಮಿಗಳು ಬೆಳಗಾವಿಯಲ್ಲಿ ಕಟ್ಟಿದ ಕೆ.ಎಲ್.ಇ. ಸಂಸ್ಥೆ 1933ರಲ್ಲಿ ತೆರೆದ ಕಾಲೇಜಿಗೆ ಲಿಂಗರಾಜರ ಹೆಸರನ್ನೇ ಇಟ್ಟಿತು.

ಒಬ್ಬ ಮಗ ಇದ್ದಿದ್ದರೆ ಆಸ್ತಿ ಒಂದು ಮನೆಗೆ ಹೋಗುತ್ತಿತ್ತು. ಮುಂದೆ ಭಾವಬಂದರ ವ್ಯಾಜ್ಯದಲ್ಲಿ ಹೋಳಾಗುತ್ತಿತ್ತೋ ಏನೋ. ಮುಚ್ಚಿದ ಬಾಗಿಲ ಮುಂದೆ ಕುಳಿತು ಅಳದೆ, ಈ ಬಾಗಿಲು ಮುಚ್ಚಿದ್ದು ತನ್ನನ್ನು ಎಲ್ಲಿಗೆ ಕಳಿಸಲು ಎಂದು ವಿಚಾರ ಮಾಡಿದ್ದರಿಂದ ಮನೆತನದ ಹೆಸರು ಸಾವಿರ ಮನೆಗಳಲ್ಲಿ ಉಳಿಯಿತು. ಜಟೆಯ ಕಥೆಗೆ ಈ ಕಥೆಯನ್ನು ಹೋಲಿಸಿದರೆ ಒರೆಗಲ್ಲು ಸ್ಪಷ್ಟವಾಗುತ್ತದೆ. ಅಲ್ಲಿ ಗಂಡುಮಗನಿಲ್ಲದ ತಂದೆ ತನ್ನ ಭದ್ರತೆಗಾಗಿ ಇನ್ನೊಂದು ಜೀವದ ಬಾಳು ಬಲಿಕೊಟ್ಟ. ಇಲ್ಲಿ ಗಂಡುಮಗನಿಲ್ಲದ ದೇಸಾಯರು ಇತರರ ಬಾಳಿಗಾಗಿ ತಮ್ಮದನ್ನು ಕೊಟ್ಟರು. ಕೊರತೆ ಒಂದೇ. ದೇವರ ಹೆಸರಿನಲ್ಲಿ ನಡೆದದ್ದು ಅಲ್ಲಿ, ದೇವರು ಮೆಚ್ಚುವಂತೆ ನಡೆದದ್ದು ಇಲ್ಲಿ.

ಕೊಳ್ಳದ ಮುದುಕಿ

ರಾಮದುರ್ಗ ತಾಲ್ಲೂಕಿನ ಸುರೇಬಾನದ ಬಳಿ ಶಬರಿ ಕೊಳ್ಳವಿದೆ. ಶಬರಿ ಇಲ್ಲಿಯೇ ರಾಮನ ದಾರಿ ಕಾಯುತ್ತಿದ್ದಳೆಂದು ಜನರ ನಂಬಿಕೆ. ಗುಡ್ಡದ ಮಗ್ಗುಲಲ್ಲಿ ಅವಳದೊಂದು ಹಳೆಯ ಗುಡಿಯೂ ಇದೆ.

ವಾಲ್ಮೀಕಿ ರಾಮಾಯಣದ ಅರಣ್ಯಕಾಂಡದಲ್ಲಿ ಶಬರಿ ಮತಂಗ ಮುನಿಯ ಆಶ್ರಮದಲ್ಲಿ ಸೇವೆ ಮಾಡಿಕೊಂಡಿದ್ದವಳು. ರಾಮ ಇಲ್ಲಿಗೆ ಬರುತ್ತಾನೆ ಎಂದು ಋಷಿಗಳು ಹೇಳಿ ಹೋದರು. ಯಾವ ದಿನ ಎಂದು ಹೇಳಲಿಲ್ಲ. ಅವಳು ಕಾದಳು. ಕಚ್ಚಿ ರುಚಿ ನೋಡಿ ಹಣ್ಣು ಕೊಟ್ಟಳೆಂಬುದು ವಾಲ್ಮೀಕಿಯಲ್ಲಿಲ್ಲ, ಭಕ್ತರು ಮುಂದೆ ಸೇರಿಸಿದ ಕಥೆ. ಮೂಲದಲ್ಲಿ ಇರುವುದು ಇನ್ನೂ ಸರಳ: ಕಾಡಿನಲ್ಲಿ ಸಿಗುವುದನ್ನು ಅವಳು ಅವನಿಗಾಗಿ ಕೂಡಿಸಿಟ್ಟಿದ್ದಳು. ಬಂದೇ ಬರುತ್ತಾನೆ ಎಂಬ ನಂಬಿಕೆ ಇದ್ದುದರಿಂದ ಅವಳ ಕಾಯುವಿಕೆ ಕೆಲಸದಿಂದ ತುಂಬಿತ್ತು. ಆಶ್ರಮ ಗುಡಿಸುವುದು, ಹಣ್ಣು ಆಯುವುದು, ಮರುದಿನ ಮತ್ತೆ ಅದೇ. ದೇವರ ಮನಸ್ಸು ತಿಳಿಯದ ಕಾಲದಲ್ಲಿ ಏನು ಮಾಡಬೇಕು ಎಂಬ ಪ್ರಶ್ನೆಗೆ ಅವಳ ಉತ್ತರ ಇದೇ. ತಿಳಿಯುವವರೆಗೆ ಇಂದಿನ ಕೆಲಸ ಮಾಡುತ್ತಿರು.

2019ರ ಆಗಸ್ಟಿನಲ್ಲಿ ಮಲಪ್ರಭೆ ಈ ತಾಲ್ಲೂಕಿನ ಜನಕ್ಕೆ ಇದೇ ಪ್ರಶ್ನೆ ಕೇಳಿದಳು. ಕಣಕುಂಬಿಯ ಕಡೆ ಮಳೆ ಒಂದೇ ಸಮನೆ ಸುರಿದು, 37 ಟಿಎಂಸಿ ಅಡಿಗೂ ಹೆಚ್ಚು ನೀರು ಹಿಡಿಯುವ ನವಿಲುತೀರ್ಥದ ಅಣೆಕಟ್ಟು ತುಂಬಿ, ಬಿಟ್ಟ ನೀರು ನದಿ ದಂಡೆಯ ಹಳ್ಳಿಗಳಿಗೆ ನುಗ್ಗಿತು. ಹಿಂದಿನ ವರ್ಷಗಳಲ್ಲಿ ಅದೇ ಅಣೆಕಟ್ಟು ತುಂಬಲಿಲ್ಲವೆಂದು ಜನ ಹರಕೆ ಹೊತ್ತಿದ್ದರು. 'ದೇವರು ಯಾಕೆ ಹೀಗೆ ಮಾಡಿದ' ಎಂಬ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿರಲಿಲ್ಲ. 'ಈಗ ದೇವರು ಏನು ಮಾಡೆನ್ನುತ್ತಾನೆ' ಎಂಬುದಕ್ಕೆ ಉತ್ತರ ಬೇಗನೆ ಸಿಕ್ಕಿತು. ಶಾಲೆಗಳ ಬಾಗಿಲು ತೆರೆದವು, ನೀರು ಬಾರದ ಊರುಗಳ ತಾಯಂದಿರು ರೊಟ್ಟಿ ಬಡಿದು ಗಂಟು ಕಟ್ಟಿ ಕಳಿಸಿದರು. ಮೊದಲನೆಯ ಪ್ರಶ್ನೆಯಲ್ಲಿ ಸಿಕ್ಕಿಕೊಂಡವರು ಕುಳಿತಲ್ಲೇ ಕುಳಿತರು. ಎರಡನೆಯದನ್ನು ಕೇಳಿದವರು ಎದ್ದು ಹೊರಟರು.

ಮನೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಈಗ ಪೇಪರು ಓದುತ್ತಿದ್ದ ಆ ಅಪ್ಪನ ಕಡೆಗೆ ಬರೋಣ. ಮಗನ ಮೇಲೆ ಅವನಿಗೆ ಪ್ರೀತಿ ಇಲ್ಲವೆಂದಲ್ಲ. ತಾನು ಪಟ್ಟ ಕಷ್ಟ ಮಗ ಪಡಬಾರದೆಂಬ ಆಸೆಯೇ ಅವನಿಂದ ಹಾಗೆ ಮಾತಾಡಿಸುತ್ತದೆ. ಆದರೆ ಆಸೆ ದೊಡ್ಡದಾದಷ್ಟೂ ಅದನ್ನು ದೇವರ ಇಚ್ಛೆ ಎಂದು ತಿಳಿಯುವ ತಪ್ಪೂ ದೊಡ್ಡದಾಗುತ್ತದೆ. ಅವನು ಮೂರು ಪ್ರಶ್ನೆಗಳನ್ನು ತನಗೆ ತಾನೇ ಕೇಳಿಕೊಂಡರೆ ಸಾಕು.

ಒಂದು: ಉತ್ತರ ಬೇರೆ ಬಂದರೂ ಒಪ್ಪುವ ಮನಸ್ಸಿದೆಯೇ? ಇಲ್ಲವಾದರೆ ದೇವರನ್ನು ಕೇಳುವ ಅಗತ್ಯವೇ ಇಲ್ಲ. ಅಪ್ಪ ತನ್ನ ಇಚ್ಛೆಯನ್ನು ತನ್ನ ಇಚ್ಛೆಯೆಂದೇ ಹೇಳುವುದು ಹೆಚ್ಚು ಪ್ರಾಮಾಣಿಕ. ಆಗ ಮಗ ಅಪ್ಪನೊಡನೆ ವಾದ ಮಾಡಬಹುದು, ದೇವರೊಡನೆ ಮಾಡಬೇಕಾಗುವುದಿಲ್ಲ.

ಎರಡು: ಬೆಲೆ ಯಾರು ತೆರುತ್ತಾರೆ? ಸೇರದ ವಿಷಯವನ್ನು ವರ್ಷಗಟ್ಟಲೆ ಓದಬೇಕಾದವನು ಹುಡುಗ. ಹೆಣ್ಣುಮಗಳಾದರೆ ಇನ್ನೂ ಮುಂದೆ ಹೋಗಿ ಯೋಚಿಸಬೇಕು. 'ಅವಳ ಹಣೆಯಲ್ಲಿ ಇಷ್ಟೇ ಬರೆದಿದೆ' ಎಂದು ಹತ್ತನೆಯ ತರಗತಿಗೆ ಓದು ಬಿಡಿಸುವವರು, ಅದನ್ನು ಬರೆದ ಕೈ ಯಾರದೆಂದು ನೋಡಿಕೊಳ್ಳಬೇಕು.

ಮೂರು: ಹದ ನೋಡಿದ್ದಾಯಿತೇ? ದೇವರು ಆ ಮಗುವಿನಲ್ಲಿ ಏನನ್ನು ಇಟ್ಟಿದ್ದಾನೆ ಎಂಬುದಕ್ಕೆ ಕುರುಹುಗಳು ಮನೆಯಲ್ಲೇ ಇವೆ. ಯಾವ ಪುಸ್ತಕವನ್ನು ಹೇಳದೆಯೇ ತೆಗೆಯುತ್ತಾನೆ? ಯಾವ ಕೆಲಸದಲ್ಲಿ ಊಟದ ನೆನಪು ಮರೆಯುತ್ತಾನೆ? ತರಗತಿಯಲ್ಲಿ ಕಲಿಸುವ ಗುರುಗಳು ಏನು ಹೇಳುತ್ತಾರೆ? ಹತ್ತಿ ಬೆಳೆಯುವ ಹೊಲದಲ್ಲಿ ಹಟದಿಂದ ಭತ್ತ ಬಿತ್ತಿ ಮಣ್ಣನ್ನು ಬೈಯುವ ರೈತ ಈ ಸೀಮೆಯಲ್ಲಿಲ್ಲ.

ಮಕ್ಕಳಿಗೂ ಒಂದು ಮಾತು ಹೇಳಬೇಕು. 'ದೇವರ ಇಚ್ಛೆ ಇದ್ದಂತಾಗಲಿ' ಎಂಬ ಮಾತನ್ನು ಓದು ಮುಗಿದ ಮೇಲೆ ಹೇಳಬೇಕು, ಓದುವ ಬದಲಿಗೆ ಹೇಳಬಾರದು. ಓದಿಯೂ ಎಣಿಸಿದಂತೆ ಆಗದಿದ್ದರೆ ಮುರಿದದ್ದು ಒಂದು ಯೋಜನೆ ಮಾತ್ರ ಎಂಬುದನ್ನು ಗಟ್ಟಿಯಾಗಿ ನೆನಪಿಡಬೇಕು. ಫಲಿತಾಂಶದ ದಿನ ಕೆಲವು ಮನೆಗಳಲ್ಲಿ ಆಗಬಾರದ ಅನಾಹುತ ಆಗುತ್ತದೆ. ಆ ಮಗುವಿಗೆ ಯೋಜನೆ ಬೇರೆ, ಬದುಕು ಬೇರೆ ಎಂದು ಯಾರೂ ಹೇಳಿರುವುದಿಲ್ಲ. ಪರೀಕ್ಷೆಯನ್ನು ಮತ್ತೆ ಬರೆಯಬಹುದು, ಬೇರೆ ಕೋರ್ಸು ಹಿಡಿಯಬಹುದು, ಒಂದು ವರ್ಷ ತಡವಾಗಿ ಹೊರಟೂ ಊರು ಸೇರಬಹುದು. ಆ ದಿನ ತಂದೆ ತಾಯಿ ಅಂಕಪಟ್ಟಿ ನೋಡುವ ಮೊದಲು ಮಗುವಿನ ಮುಖ ನೋಡಲಿ. 'ಉಣ್ಣು ಬಾ, ಆಮೇಲೆ ವಿಚಾರ ಮಾಡೋಣ' ಎಂಬ ಒಂದು ಮಾತು ಆಗ ಯಾವ ಹರಕೆಗಿಂತಲೂ ದೊಡ್ಡದು.

ಮಲಪ್ರಭೆಯ ನೀರು ಕಿತ್ತೂರಿನ ಮಗ್ಗುಲಿಂದ ಹರಿದು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ನೆಲ ತೋಯಿಸಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ದಾರಿಯಲ್ಲಿ ಗುಡ್ಡ ಅಡ್ಡ ಬಂದಲ್ಲಿ ನದಿ ತಿರುಗಿದೆ, ಸಂದು ಸಿಕ್ಕಲ್ಲಿ ನುಗ್ಗಿದೆ. ಹರಿಯುವುದನ್ನು ಮಾತ್ರ ಬಿಟ್ಟಿಲ್ಲ. ಈ ಸೀಮೆಯ ಹಿರಿಯರು ಹೇಳುವ ಗಾದೆಯನ್ನು ಮಕ್ಕಳು ಇನ್ನು ಮೇಲೆ ಅರ್ಧಕ್ಕೆ ನಿಲ್ಲಿಸದಿರಲಿ. ತಾನೊಂದು ಬಗೆದಾಗ, ದೈವ ಏನು ಬಗೆದಿದೆ ಎಂದು ಮೊದಲೇ ಕೇಳಲಿ. ತಿಳಿದಷ್ಟನ್ನು ಮಾಡಲಿ, ಬಂದದ್ದನ್ನು ಎರಡೂ ಕೈಯೊಡ್ಡಿ ತೆಗೆದುಕೊಳ್ಳಲಿ.